ಜಾರ್ಜ್ ಜಿಲ್ ದ ಲಾ ಟುರೆಟ್

ಜಾರ್ಜ್ ಜಿಲ್ ದ ಲಾ ಟುರೆಟ್ (೧೮೫೭–೧೯೦೪) ಫ್ರಾನ್ಸ್ ದೇಶದ ನರರೋಗತಜ್ಞರು. ಕಣ್ಣು ಮಿಟುಕಿಸುವುದು, ಕುತ್ತಿಗೆ ಕೊಂಕಿಸುವುದು, ಗಂಟಲಿನಿಂದ ಅರ್ಥವಿಲ್ಲದ ಸದ್ದು ಹೊರಡಿಸುವುದು ಮುಂತಾದ, ರೋಗಿಯ ಹಿಡಿತಕ್ಕೆ ಸಿಗದೆ ಮರುಕಳಿಸುವ ಚಲನೆಗಳಿಗೆ ‘ಟಿಕ್’ ಎಂದು ಹೆಸರು. ಬಾಲ್ಯದಲ್ಲಿ ತೊಡಗಿ ದೀರ್ಘಕಾಲ ಉಳಿಯುವ ಟಿಕ್ ರೋಗವನ್ನು ಪ್ರತ್ಯೇಕವಾಗಿ ವಿವರಿಸಿದ್ದರಿಂದ ಅದು ಇಂದಿಗೂ ‘ಟುರೆಟ್ ಸಿಂಡ್ರೋಮ್’ ಎನಿಸಿಕೊಂಡಿದೆ.

ಜನನ ಮತ್ತು ವಿದ್ಯಾಭ್ಯಾಸ

ಟುರೆಟ್ ೧೮೫೭ರ ಅಕ್ಟೋಬರ್ ೩೦ರಂದು ಪಶ್ಚಿಮ ಫ್ರಾನ್ಸ್‌ನ ಸೇಂ-ಜೆರ್ವೆ-ಲೆ-ತ್ರುವಾ-ಕ್ಲೋಶೆ ಎಂಬ ಹಳ್ಳಿಯಲ್ಲಿ ಜನಿಸಿದರು. ಹದಿನಾರನೆಯ ವಯಸ್ಸಿಗೇ ಪ್ವಾತಿಯೆ ನಗರದಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಸೇರಿ, ಅನಂತರ ಪ್ಯಾರಿಸ್‌ಗೆ ತೆರಳಿದರು. ಅಲ್ಲಿಯ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ನರರೋಗಶಾಸ್ತ್ರದ ಪಿತಾಮಹರಲ್ಲೊಬ್ಬರಾದ ಜಾನ್ ಮಾರ್ಟಿನ್ ಶಾರ್ಕೊ ಅವರ ಶಿಷ್ಯರಾದರು. ಗುರುವಿನ ಮೇಲಿನ ನಿಷ್ಠೆ ಅವರಲ್ಲಿ ಕೊನೆಯವರೆಗೂ ಕುಂದಲಿಲ್ಲ.

ಒಂಬತ್ತು ರೋಗಿಗಳ ಅಧ್ಯಯನ

೧೮೮೫ರಲ್ಲಿ ಟುರೆಟ್ ಒಂಬತ್ತು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಇವರಲ್ಲಿ ಹೆಚ್ಚು ಪ್ರಸಿದ್ಧಳಾದ ದಾಂಪಿಯೇರ್ ಮನೆತನದ ಮಹಿಳೆಯನ್ನು ಅವರು ಸ್ವತಃ ಪರೀಕ್ಷಿಸಿರಲಿಲ್ಲ. ೧೮೨೫ರಲ್ಲಿ ವೈದ್ಯ ಇಟಾರ್ ಬರೆದಿಟ್ಟ ವಿವರವನ್ನೇ ಅವರು ಆಧರಿಸಿದರು. ಏಳನೆಯ ವಯಸ್ಸಿನಲ್ಲಿ ಕೈಸೆಳೆತದಿಂದ ಆರಂಭವಾದ ಆಕೆಯ ರೋಗ ಮುಪ್ಪಿನವರೆಗೂ ಬಿಡಲಿಲ್ಲ. ಗೌರವಸ್ಥ ಕುಲದ ಆಕೆ ಮಾತಿನ ನಡುವೆ ತನ್ನ ಹಿಡಿತ ಮೀರಿ ಹೊಲಸು ಪದಗಳನ್ನು ಕೂಗಿಬಿಡುತ್ತಿದ್ದುದು ಪ್ಯಾರಿಸ್‌ನಲ್ಲಿ ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು. ಈ ಲಕ್ಷಣವೇ ರೋಗದ ಗುರುತೆಂಬ ನಂಬಿಕೆ ಜನರಲ್ಲಿ ಉಳಿದುಬಂದಿದೆ. ಆದರೆ ಅದು ಅಲ್ಪಸಂಖ್ಯೆಯ ರೋಗಿಗಳಲ್ಲಿ ಮಾತ್ರ ಕಾಣುತ್ತದೆ.

ರೋಗ ವಂಶಪಾರಂಪರ್ಯವಾದುದು, ಏರಿಳಿತಗಳುಳ್ಳದ್ದು, ಬುದ್ಧಿಯನ್ನು ಕೆಡಿಸದು, ಆದರೆ ಪೂರ್ಣವಾಗಿ ಗುಣವಾಗದು ಎಂಬುದು ಟುರೆಟ್ ಅವರ ನಿರ್ಣಯ. ಬಹುಮಂದಿ ಮಕ್ಕಳಲ್ಲಿ ಹರೆಯ ಕಳೆದಂತೆ ಟಿಕ್ ಇಳಿಯುತ್ತದೆಂದು ಈಗ ತಿಳಿದಿರುವುದರಿಂದ ಈ ಕೊನೆಯ ಮಾತನ್ನು ತಿದ್ದಿಕೊಳ್ಳಬೇಕಾಗಿದೆ. ರೋಗಕ್ಕೆ ಶಿಷ್ಯನ ಹೆಸರನ್ನಿಟ್ಟವರು ಶಾರ್ಕೊ ಅವರೇ.

ಗುಂಡೇಟು ಮತ್ತು ಕೊನೆಯ ವರ್ಷಗಳು

ಟುರೆಟ್ ೧೮೮೭ರಲ್ಲಿ ಸಂಮೋಹನ ಮತ್ತು ನ್ಯಾಯವೈದ್ಯಕೀಯ ಕುರಿತು ಗ್ರಂಥ ರಚಿಸಿ, ಸಂಮೋಹನಕ್ಕೊಳಗಾದವರಿಂದ ಅಪರಾಧ ಮಾಡಿಸುವುದು ವಾಸ್ತವದಲ್ಲಿ ಸಾಧ್ಯವಿಲ್ಲವೆಂಬ ತಮ್ಮ ಗುರುವಿನ ಪಂಥವನ್ನು ಸಮರ್ಥಿಸಿದ್ದರು. ೧೮೯೩ರಲ್ಲಿ ಮಗನ ಮರಣ, ಆಗಸ್ಟ್‌ನಲ್ಲಿ ಶಾರ್ಕೊ ಅವರ ಮರಣ ಎರಡನ್ನೂ ಅನುಭವಿಸಿದರು. ಅದೇ ಡಿಸೆಂಬರ್ ೬ರಂದು ಸಾಲ್ಪೆಟ್ರಿಯೇರ್‌ನ ಹಿಂದಿನ ರೋಗಿಯಾದ ರೋಸ್ ಕಾಂಪೆರ್ ಅವರ ಮನೆಗೇ ಬಂದು ಗುಂಡು ಹಾರಿಸಿದಳು. ತನ್ನ ಇಚ್ಛೆಗೆ ವಿರುದ್ಧವಾಗಿ ಸಂಮೋಹನ ಮಾಡಲಾಯಿತೆಂಬುದು ಆಕೆಯ ಆಪಾದನೆ. ಪತ್ರಿಕೆಗಳಿಗೆ ಇದಕ್ಕಿಂತ ರುಚಿಯಾದ ಸುದ್ದಿ ಬೇಕಿರಲಿಲ್ಲ. ಗಾಯ ಪ್ರಾಣಾಪಾಯದ್ದಾಗಿರಲಿಲ್ಲ.

೧೯೦೦ರ ಪ್ಯಾರಿಸ್ ವಿಶ್ವ ಪ್ರದರ್ಶನದ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಟುರೆಟ್, ಮರುವರ್ಷವೇ ಸಿಫಿಲಿಸ್‌ನಿಂದ ಮಿದುಳು ಕೆಟ್ಟು ಸ್ವಿಟ್ಜರ್ಲೆಂಡ್‌ನ ಲೋಸಾನ್ ಬಳಿಯ ಮಾನಸಿಕ ಆಸ್ಪತ್ರೆಯನ್ನು ಸೇರಬೇಕಾಯಿತು. ೧೯೦೪ರ ಮೇ ತಿಂಗಳಲ್ಲಿ ಅಲ್ಲಿಯೇ ನಿಧನರಾದರು.

ನಂತರದ ಚಿಕಿತ್ಸೆ

೧೯೬೦ರ ದಶಕದಲ್ಲಿ ಹ್ಯಾಲೊಪೆರಿಡಾಲ್ ಔಷಧವು ಟಿಕ್ ಇಳಿಸುತ್ತದೆಂದು ಕಂಡುಬಂದಿತು. ಔಷಧಕ್ಕೆ ಬಗ್ಗದ ರೋಗಿಗಳಲ್ಲಿ ಜರ್ಮನಿಯ ಹಾಸ್ಲರ್ ಮತ್ತು ಡೀಕ್‌ಮನ್ ಮಿದುಳಿನ ಥಾಲಮಸ್ ಭಾಗದ ಕೆಲವು ಬಿಂದುಗಳನ್ನು ಸುಟ್ಟು, ಫಲಿತಾಂಶವನ್ನು ೧೯೭೦ರಲ್ಲಿ ವರದಿ ಮಾಡಿದರು. ಬೆಂಗಳೂರಿನಲ್ಲಿಯೂ ನಿಮ್ಹಾನ್ಸ್‌ನ ಮೊದಲ ನಿರ್ದೇಶಕ ಡಾ. ಆರ್. ಎಂ. ವರ್ಮ ಪಾರ್ಕಿನ್ಸನ್ ರೋಗಿಗಳಿಗಾಗಿ ತಲೆಬುರುಡೆಯ ತಳದ ಸಹಜ ರಂಧ್ರದ ಮೂಲಕ ಸೂಜಿ ತೂರಿಸುವ, ಇದೇ ಬಗೆಯ ಶಸ್ತ್ರಕ್ರಿಯೆಯೊಂದನ್ನು ರೂಪಿಸಿದ್ದರು. ಸುಟ್ಟ ಭಾಗ ಮರಳಿ ಬಾರದು ಎಂಬುದೇ ಇಂಥ ಚಿಕಿತ್ಸೆಗಳ ದೊಡ್ಡ ಕೊರತೆ.

೧೯೯೯ರಲ್ಲಿ ವಾಂಡೆವಾಲೆ ಮತ್ತು ಸಂಗಡಿಗರು ಥಾಲಮಸ್‌ನಲ್ಲಿ ವಿದ್ಯುತ್ ತಂತಿಗಳನ್ನು ಇರಿಸಿ, ಚರ್ಮದಡಿಯ ಬ್ಯಾಟರಿಯಿಂದ ನಿರಂತರ ಮಿಡಿತ ನೀಡುವ ಡೀಪ್ ಬ್ರೈನ್ ಸ್ಟಿಮ್ಯುಲೇಶನ್ ವಿಧಾನವನ್ನು ಟುರೆಟ್ ರೋಗಿಗೆ ಬಳಸಿದ್ದನ್ನು ಪ್ರಕಟಿಸಿದರು. ಈ ಮಿಡಿತವನ್ನು ಹೆಚ್ಚು ಕಡಿಮೆ ಮಾಡಬಹುದು, ನಿಲ್ಲಿಸಲೂಬಹುದು. ೨೦೧೮ರಲ್ಲಿ ಹತ್ತು ದೇಶಗಳ ೧೮೫ ರೋಗಿಗಳ ದಾಖಲೆಗಳು ಪ್ರಕಟವಾದವು. ಒಂದು ವರ್ಷದ ಬಳಿಕ ಟಿಕ್‌ಗಳ ತೀವ್ರತೆ ಸರಾಸರಿ ಶೇಕಡಾ ೪೫ರಷ್ಟು ಇಳಿದಿತ್ತು. ಆದರೆ ಮೂರನೆಯ ಒಂದು ಪಾಲಿಗೂ ತುಸು ಹೆಚ್ಚು ಮಂದಿಗೆ ಅಡ್ಡಪರಿಣಾಮಗಳಾಗಿದ್ದವು. ಮಾತು ತೊದಲುವುದು, ಮೈ ಜುಮ್ಮೆನ್ನುವುದು ಅವುಗಳಲ್ಲಿ ಸಾಮಾನ್ಯ. ಕೆಲವರಲ್ಲಿ ಹಲವು ವರ್ಷಗಳ ಅನಂತರವೂ ಪ್ರಯೋಜನ ಉಳಿದಿದೆ. ಬ್ಯಾಟರಿ ಬದಲಾವಣೆ, ಸೋಂಕಿನ ಭಯ, ಮಿಡಿತದ ಪ್ರಮಾಣವನ್ನು ಪದೇ ಪದೇ ಸರಿಪಡಿಸುವ ಅಗತ್ಯ ಇವು ರೋಗಿಯ ಜೊತೆಗೇ ಸಾಗುತ್ತವೆ. ಆದ್ದರಿಂದ ಇತರ ಚಿಕಿತ್ಸೆಗಳೆಲ್ಲ ವಿಫಲವಾದ ತೀವ್ರ ರೋಗಿಗಳಿಗೆ ಮಾತ್ರ ಇದನ್ನು ಪರಿಗಣಿಸಲಾಗುತ್ತದೆ.