ಎದೆಬಡಿತವನ್ನು ಕಾಗದಕ್ಕೆ ಇಳಿಸಿದ ಐಂತೋವೆನ್

ಎದೆ ಜೋರಾಗಿ ಹೊಡೆದುಕೊಳ್ತಿದೆ ಅಂತ ಆಸ್ಪತ್ರೆಗೆ ಹೋದರೆ ಮೊದಲು ಮಾಡುವುದೇ ಇಸಿಜಿ. ಕೈಕಾಲಿಗೆ ಕ್ಲಿಪ್ಪು ಹಾಕಿ, ಎದೆಗೆ ವಯರ್ ಅಂಟಿಸಿ, ಐದೇ ನಿಮಿಷದಲ್ಲಿ ಚೌಕುಳಿ ಕಾಗದ ಕೈಗೆ ಕೊಡುತ್ತಾರೆ. ಆ ಕಾಗದದ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟವರು ವಿಲ್ಲೆಮ್ ಐಂತೋವೆನ್. ನೂರಕ್ಕೂ ಹೆಚ್ಚು ವರ್ಷ ಕಳೆದರೂ ಆ ಹೆಸರುಗಳು ಬದಲಾಗಿಲ್ಲ.

ಐಂತೋವೆನ್ ಡಚ್ಚರು. ಆದರೆ ಹುಟ್ಟಿದ್ದು 1860ರ ಮೇ 21ರಂದು, ಇಂದಿನ ಇಂಡೋನೇಷ್ಯಾದ ಜಾವಾ ದ್ವೀಪದ ಸೆಮರಾಂಗ್ ಪಟ್ಟಣದಲ್ಲಿ. ಅಲ್ಲಿ ವೈದ್ಯರಾಗಿದ್ದ ತಂದೆ, ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. 1870ರಲ್ಲಿ ತಾಯಿ ಆರು ಮಕ್ಕಳನ್ನು ಕಟ್ಟಿಕೊಂಡು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ಸೇರಿದರು. ತಂದೆಯ ದಾರಿಯಲ್ಲೇ ಹೋಗುವ ಆಸೆಯಿಂದ ವಿಲ್ಲೆಮ್ ವೈದ್ಯಕೀಯ ಓದಿಗೆ ಸೇರಿದರು. ಆಟದ ಹುಚ್ಚು ಬೇರೆ. ಒಮ್ಮೆ ಆಡುವಾಗ ಮಣಿಕಟ್ಟು ಮುರಿಯಿತು. ಸುಮ್ಮನೆ ಕೂರಲಾಗದೆ ಕೈ ತಿರುಗುವುದು ಹೇಗೆ ಎಂದು ಯೋಚಿಸುತ್ತಾ, ಮೊಣಕೈ ಕೀಲಿನ ಬಗ್ಗೆ ಒಂದು ಪ್ರಬಂಧವನ್ನೇ ಬರೆದುಬಿಟ್ಟರು. 25ನೇ ವಯಸ್ಸಿಗೆ ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು.

ಆ ಕಾಲದಲ್ಲಿ ಬಡಿತ ತಪ್ಪಿದ ಹೃದಯವನ್ನು ತಿಳಿಯಲು ವೈದ್ಯರಿಗೆ ಇದ್ದದ್ದು ಬೆರಳು ಮತ್ತು ಕಿವಿ. ಎಷ್ಟೋ ಶತಮಾನ ಹಿಂದೆಯೇ ಇಬ್ನ್ ಸೀನಾ ತಮ್ಮ ಗ್ರಂಥದಲ್ಲಿ ನಾಡಿಯನ್ನು ಸಮ, ವಿಷಮ ಎಂದೆಲ್ಲ ವಿಂಗಡಿಸಿದ್ದರು. ನಾಡಿ ತಪ್ಪಿದೆ ಎಂದು ಬೆರಳು ಹೇಳುತ್ತದೆ, ನಿಜ. ತಪ್ಪಿದ್ದು ಹೃದಯದ ಮೇಲಿನ ಕೋಣೆಯಲ್ಲೋ, ಕೆಳಗಿನ ಕೋಣೆಯಲ್ಲೋ, ಎರಡರ ನಡುವಿನ ದಾರಿಯಲ್ಲೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಅದು ಗೊತ್ತಾಗದೆ ಮದ್ದು ಕೊಡುವುದು ಕತ್ತಲೆಯಲ್ಲಿ ಕಲ್ಲು ಹೊಡೆದ ಹಾಗೆ.

ಪ್ರತಿ ಬಡಿತದ ಜೊತೆ ಹೃದಯದಲ್ಲಿ ಸಣ್ಣದೊಂದು ವಿದ್ಯುತ್ ಹರಿಯುತ್ತದೆ. ಅದನ್ನು ಮನುಷ್ಯನ ದೇಹದ ಹೊರಗಿನಿಂದಲೇ ಮೊದಲು ದಾಖಲಿಸಿ ತೋರಿಸಿದವರು ಲಂಡನ್ನಿನ ಆಗಸ್ಟಸ್ ವಾಲರ್, 1887ರಲ್ಲಿ. ಅವರು ಬಳಸಿದ್ದು ಸಣ್ಣ ಗಾಜಿನ ಕೊಳವೆಯಲ್ಲಿ ಪಾದರಸ ತುಂಬಿದ ಉಪಕರಣ. ಪಾದರಸ ಭಾರ, ನಿಧಾನ; ಹೃದಯದ ವೇಗಕ್ಕೆ ಅದು ಸಾಕಾಗದೆ ಗೆರೆ ಸೊಟ್ಟಗೆ ಮೂಡುತ್ತಿತ್ತು. ಐಂತೋವೆನ್ ಕೆಲವು ವರ್ಷ ಅದೇ ಗೆರೆಗಳನ್ನು ಗಣಿತದಿಂದ ತಿದ್ದುತ್ತಾ ಕೂತರು. 1895ರಲ್ಲಿ ಹಾಗೆ ತಿದ್ದಿದ ಗೆರೆಗೆ ಇಟ್ಟ ಹೆಸರುಗಳೇ ಈ ಪಿ, ಕ್ಯೂ, ಆರ್, ಎಸ್, ಟಿ. ಆದರೆ ಪ್ರತಿ ರೋಗಿಗೂ ಹೀಗೆ ಲೆಕ್ಕ ಹಾಕುತ್ತಾ ಕೂರಲಾಗುತ್ತದೆಯೇ? ಸುಳ್ಳು ಹೇಳದ ಉಪಕರಣವೇ ಬೇಕಿತ್ತು.

ಕ್ವಾರ್ಟ್ಜ್ ಕಲ್ಲನ್ನು ಕರಗಿಸಿ, ಅದನ್ನು ಬಾಣಕ್ಕೆ ಅಂಟಿಸಿ ಬಿಲ್ಲಿನಿಂದ ಹೊಡೆದರೆ ಹಿಂದೆ ಕೂದಲಿಗಿಂತ ಎಷ್ಟೋ ಸಪೂರದ ನೂಲು ಎಳೆದುಕೊಳ್ಳುತ್ತದೆ. ಆ ನೂಲಿಗೆ ಬೆಳ್ಳಿ ಲೇಪಿಸಿ ದೊಡ್ಡ ವಿದ್ಯುತ್ ಅಯಸ್ಕಾಂತದ ನಡುವೆ ಕಟ್ಟಿದರು. ಹೃದಯದ ವಿದ್ಯುತ್ ಹರಿದಾಗ ನೂಲು ಅಲುಗುತ್ತದೆ, ಅದರ ನೆರಳು ಫೋಟೊ ಫಲಕದ ಮೇಲೆ ಬೀಳುತ್ತದೆ. 1901ರಲ್ಲಿ ಇದರ ವಿವರ ಪ್ರಕಟವಾಯಿತು. ಯಂತ್ರದ ತೂಕ ಸುಮಾರು 270 ಕಿಲೊ. ಎರಡು ಕೋಣೆ ತುಂಬ ಅದರದ್ದೇ ಸಾಮಾನು, ನಡೆಸಲು ಐದು ಜನ, ಅಯಸ್ಕಾಂತ ಬಿಸಿಯಾಗದಂತೆ ನೀರು ಹರಿಸಬೇಕು. ಪರೀಕ್ಷೆಗೆ ಬಂದವರು ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಮುಳುಗಿಸಿ ಕೂರಬೇಕು.

ಇಂಥ ಯಂತ್ರವನ್ನು ರೋಗಿಯ ಹತ್ತಿರ ಒಯ್ಯುವುದು ಹೇಗೆ? ಹಾಸಿಗೆ ಹಿಡಿದ ರೋಗಿಯನ್ನು ಇಲ್ಲಿಗೆ ತರುವುದಂತೂ ದೂರದ ಮಾತು. 1905ರಲ್ಲಿ ಐಂತೋವೆನ್ ಆಸ್ಪತ್ರೆಯಿಂದ ಒಂದೂವರೆ ಕಿಲೊಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯಲ್ಲಿ ಎದೆಬಡಿತವನ್ನೇ ತರಿಸಿಕೊಂಡರು. ರೋಗಿ ಅಲ್ಲಿ, ಗೆರೆ ಇಲ್ಲಿ! ಮರುವರ್ಷದ ಪ್ರಬಂಧದಲ್ಲಿ ಬಡಿತ ತಪ್ಪುವ ಬಗೆಬಗೆಯ ಕಾಯಿಲೆಗಳ ಚಿತ್ರಗಳಿದ್ದವು. ಅದರಲ್ಲಿ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ನಡುಗುವ ಏಟ್ರಿಯಲ್ ಫಿಬ್ರಿಲೇಶನ್ ಕೂಡ ಇತ್ತು. ಲಂಡನ್ನಿನ ಥಾಮಸ್ ಲೂಯಿಸ್ ಇದೇ ಉಪಕರಣ ಬಳಸಿ, ರೋಗಿಗಳಲ್ಲಿ ದಿನನಿತ್ಯ ಕಾಣುತ್ತಿದ್ದ ಪೂರ್ತಿ ಲಯ ತಪ್ಪಿದ ನಾಡಿಯ ಮೂಲ ಅದೇ ಎಂದು 1909ರಲ್ಲಿ ತೋರಿಸಿದರು. ಲೂಯಿಸ್ ಇಲ್ಲದಿದ್ದರೆ ತಮ್ಮ ಉಪಕರಣ ಅಷ್ಟು ದೂರ ಹೋಗುತ್ತಿರಲಿಲ್ಲ ಎಂದು ಐಂತೋವೆನ್ ಮುಕ್ತವಾಗಿ ಒಪ್ಪಿಕೊಂಡಿದ್ದರು.

ಕಾಯಿಲೆ ಕಣ್ಣಿಗೆ ಕಂಡಿತು, ಮದ್ದು ಮಾತ್ರ ಅಷ್ಟು ಬೇಗ ಬರಲಿಲ್ಲ. ಬಂದದ್ದೂ ವಿಚಿತ್ರ ದಾರಿಯಲ್ಲಿ. 1912ರಲ್ಲಿ ಡಚ್ ವೈದ್ಯ ವೆಂಕೆಬಾಕ್ ಅವರ ಬಳಿ ಒಬ್ಬ ವ್ಯಾಪಾರಿ ಬಂದ. ಮಲೇರಿಯಾದ ಕ್ವಿನೈನ್ ತಿಂದರೆ ತನ್ನ ಬಡಿತ ಸರಿಹೋಗುತ್ತದೆ ಎಂದ. ವೈದ್ಯರು ನಂಬಲಿಲ್ಲ. ಮರುದಿನ ಆತ ಸರಿಯಾದ ನಾಡಿಯೊಂದಿಗೆ ಬಂದು ನಿಂತ. ಅಲ್ಲಿಂದ ಕ್ವಿನಿಡಿನ್ ಎಂಬ ಮದ್ದು ಹುಟ್ಟಿತು. ಅದೂ ಎಲ್ಲರಿಗೂ ಒಗ್ಗಲಿಲ್ಲ, ಕೆಲವರಲ್ಲಿ ಬಡಿತವನ್ನು ಇನ್ನೂ ಅಪಾಯಕ್ಕೆ ತಳ್ಳಿತು.

ಇನ್ನೊಂದು ತೊಡಕು ಇವತ್ತಿಗೂ ಹೋಗಿಲ್ಲ. ಈ ಕಾಯಿಲೆ ಹಲವರಲ್ಲಿ ಬಂದು ಹೋಗುವಂಥದ್ದು. ಮನೆಯಲ್ಲಿ ಎದೆ ಡವಡವ ಅಂದದ್ದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಿಂತಿರುತ್ತದೆ, ಇಸಿಜಿ ನಾರ್ಮಲ್ ಬರುತ್ತದೆ. ಏನೂ ಇಲ್ಲ ಅಂತ ಮನೆಗೆ ಬಂದವರಿಗೆ ಮುಂದೊಂದು ದಿನ ಪಾರ್ಶ್ವವಾಯು ಹೊಡೆಯಲೂಬಹುದು. ನಡುಗುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುವುದರಿಂದ. ಒಂದು ದಿನವಿಡೀ ಸೊಂಟಕ್ಕೆ ಕಟ್ಟಿಕೊಳ್ಳುವ ಹೋಲ್ಟರ್, ಈಗಿನ ಸ್ಮಾರ್ಟ್ ವಾಚು, ಎಲ್ಲವೂ ಆ ಕಳ್ಳ ಬಡಿತವನ್ನು ಹಿಡಿಯುವ ಪ್ರಯತ್ನಗಳೇ.

1924ರಲ್ಲಿ ನೊಬೆಲ್ ಪ್ರಶಸ್ತಿ ಘೋಷಣೆಯಾದಾಗ ಐಂತೋವೆನ್ ಅಮೆರಿಕದಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದರು. ಪ್ರಶಸ್ತಿಯ ಹಣ ಬಂದ ಮೇಲೆ, ಯಂತ್ರ ಕಟ್ಟಲು ವರ್ಷಗಟ್ಟಲೆ ದುಡಿದ ತಮ್ಮ ಹಳೆಯ ಸಹಾಯಕನನ್ನು ಹುಡುಕಿಸಿದರಂತೆ. ಆತ ಆಗಲೇ ತೀರಿಹೋಗಿದ್ದ. ಇಬ್ಬರು ಸಹೋದರಿಯರು ಬಡವರ ಆಶ್ರಯದಲ್ಲಿ ದಿನ ದೂಡುತ್ತಿದ್ದರು. ಐಂತೋವೆನ್ ಹೋಗಿ ಹಣದ ಅರ್ಧ ಪಾಲು ಅವರಿಗೆ ಕೊಟ್ಟುಬಂದರು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ.

1927ರ ಸೆಪ್ಟೆಂಬರ್ 29ರಂದು ಲೈಡನ್‌ನಲ್ಲಿ ಕ್ಯಾನ್ಸರ್‌ನಿಂದ ಅವರು ನಿಧನರಾದರು. ಮನುಷ್ಯನ ದೇಹದೊಳಗೆ ಮೊದಲ ಪೇಸ್‌ಮೇಕರ್ ಇಟ್ಟದ್ದು ಅದಾಗಿ 31 ವರ್ಷದ ಮೇಲೆ, 1958ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ.