ಉತ್ತನೂರಿನ ಗೋಪಾಲದಾಸರು

ನಮ್ಮ ಗದ್ವಾಲ ಸೀಮೆಯ ಉತ್ತನೂರು ದಾಸಸಾಹಿತ್ಯದಲ್ಲಿ ಹೆಸರಾದುದು ಗೋಪಾಲದಾಸರಿಂದ. 1722ರಲ್ಲಿ ಮೊಸರಕಲ್ಲಿನಲ್ಲಿ ಜನಿಸಿದ ಭಾಗಣ್ಣನವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ದಾಯಾದಿಗಳು ಆಸ್ತಿಯನ್ನು ಕಸಿಯಲು ತಾಯಿಯೊಡನೆ ಊರು ತೊರೆದರು. ಗಾಯತ್ರೀಜಪದ ಸಿದ್ಧಿಯಿಂದ ಪರರ ಭವಿಷ್ಯವನ್ನು ಅರಿತು ಹೇಳಬಲ್ಲವರಾದರೆಂದು ಪ್ರತೀತಿ. ಮುಂದೆ ವಿಜಯದಾಸರ ಶಿಷ್ಯರಾಗಿ ಗೋಪಾಲವಿಠಲನೆಂಬ ಅಂಕಿತವನ್ನು ಪಡೆದರು.

ಬ್ಯಾಗವಟ್ಟಿಯ ಪಂಡಿತ ಶ್ರೀನಿವಾಸಾಚಾರ್ಯರು ವಿಜಯದಾಸರನ್ನು ಕಡೆಗಣಿಸಿ, ಬಳಿಕ ಉದರಶೂಲೆಯಿಂದ ಕಂಗೆಟ್ಟು, ಆ ವಿಜಯದಾಸರ ಆಣತಿಯಂತೆಯೇ ಉತ್ತನೂರಿಗೆ ಬಂದರು. ಅಲ್ಪಾಯುವಾಗಿದ್ದ ಅವರಿಗೆ ಗೋಪಾಲದಾಸರು ತಮ್ಮ ಆಯುಸ್ಸಿನಿಂದ 40 ವರ್ಷಗಳನ್ನು ಧಾರೆಯೆರೆದರೆಂದು ದಾಸಪರಂಪರೆ ಹೇಳುತ್ತದೆ. ಇದನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚುವ ಹಂಬಲ ನಮಗಿಲ್ಲ. ತಮ್ಮ ಗಡುವನ್ನು ಬಲ್ಲವರು ಅದನ್ನು ತಾವೇ ಮೊಟಕುಗೊಳಿಸಿಕೊಂಡೂ ಅಳುಕದೆ ಇದ್ದುದೆಂತು ಎಂಬುದೇ ನಮ್ಮ ಬೆರಗು. ಒಮ್ಮೆ ರೋಮಿನಲ್ಲಿ ಗುಲಾಮನಾಗಿದ್ದ, ಸ್ಟೋಯಿಕ್ ಪಂಥದ ತತ್ತ್ವಜ್ಞ ಎಪಿಕ್ಟೀಟಸನು, ನಮ್ಮದೆಂಬುದೆಲ್ಲವೂ ಕಡವಾಗಿ ಬಂದುದು, ಮರಣದಲ್ಲಿ ನಾವು ಅದನ್ನು ಒಡೆಯನಿಗೆ ಹಿಂದಿರುಗಿಸುತ್ತೇವೆ ಎಂದು ಬೋಧಿಸಿದನು. ಹರಿದಾಸರಿಗೂ ದೇಹ ಹರಿಯದೇ. ಆದರೆ ಆ ತತ್ತ್ವಜ್ಞನು ಕೇಳಿದಾಗ ಒಪ್ಪಿಸೆಂದನು. ನಮ್ಮ ದಾಸರು ಕಾಲನು ಕೇಳುವ ಮೊದಲೇ ನೊಂದವನೊಬ್ಬನ ಕೈಗಿತ್ತರು.

1762ರಲ್ಲಿ, 40ನೆಯ ವಯಸ್ಸಿಗೆ, ಗೋಪಾಲದಾಸರು ಉತ್ತನೂರಿನಲ್ಲಿ ದೇಹವಿಟ್ಟರು. ಶ್ರೀನಿವಾಸಾಚಾರ್ಯರು ಜಗನ್ನಾಥದಾಸರೆನಿಸಿ, ಹರಿಕಥಾಮೃತಸಾರವನ್ನು ರಚಿಸಿ, 1809ರವರೆಗೆ ಬಾಳಿದರು.