ಮೈಸೂರಿನ ಯೋಗ: ಮೈಗಷ್ಟೇ ಅಲ್ಲ, ನೆನಪಿಗೂ ಕಸರತ್ತು

ಮಕ್ಕಳೇ, ನಿಮ್ಮೂರಿನ ಯೋಗ ಕೇಂದ್ರದ ಬಾಗಿಲಲ್ಲಿ ‘ಮೈಸೂರು ಸ್ಟೈಲ್’ ಎಂಬ ಫಲಕ ಕಂಡರೆ ಅಚ್ಚರಿಪಡಬೇಡಿ. ಅದು ನಮ್ಮ ದಸರಾ ಆನೆಗಳ ಮೈಸೂರೇ!

ಈ ಯೋಗಪರಂಪರೆಯ ಗುರು ತಿರುಮಲೈ ಕೃಷ್ಣಮಾಚಾರ್ಯರು. ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಅವರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭಿಸಿದರು. ಮರುವರ್ಷ ಅವರ ‘ಯೋಗ ಮಕರಂದ’ ಅಚ್ಚಾಯಿತು, ಅದೂ ಕನ್ನಡದಲ್ಲಿ! ಜಗತ್ತಿಗೆ ಯೋಗ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಶಿಷ್ಯರೇ.

ಮೈಸೂರು ಪದ್ಧತಿಯ ತರಗತಿ ನೋಡಿದರೆ ಮೊದಲಿಗೆ ವಿಚಿತ್ರ ಅನಿಸುತ್ತದೆ. ಗುರುಗಳು ಮುಂದೆ ನಿಂತು ‘ಕೈ ಎತ್ತಿ, ಕಾಲು ಚಾಚಿ’ ಎನ್ನುವುದಿಲ್ಲ. ಎಲ್ಲರೂ ತಮ್ಮ ತಮ್ಮ ಪಾಡಿಗೆ ಆಸನ ಮಾಡುತ್ತಿರುತ್ತಾರೆ. ಕೇಳಿಸುವುದು ಉಸಿರಿನ ಸದ್ದು ಮಾತ್ರ. ಯಾವುದಾದ ಮೇಲೆ ಯಾವುದು ಎಂಬುದು ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಬೇಕು. ಕಲಿತಷ್ಟು ಕ್ರಮವಾಗಿ ಬಂದರೆ ಮಾತ್ರ ಗುರುಗಳು ಮುಂದಿನ ಆಸನ ಹೇಳಿಕೊಡುತ್ತಾರೆ. ಮಗ್ಗಿ ಕಲಿಯುವಾಗ ಎರಡರದ್ದು ಸರಿಯಾದ ಮೇಲೆ ಮೂರರದ್ದಕ್ಕೆ ಹೋಗುವ ಹಾಗೆ.

ಇನ್ನು ಏಕಾಗ್ರತೆ. ಈ ಪದ್ಧತಿಯಲ್ಲಿ ಕಣ್ಣು ಸುಮ್ಮನೆ ಅಲೆಯುವಂತಿಲ್ಲ. ಪ್ರತಿ ಭಂಗಿಗೂ ನೋಟ ನಿಲ್ಲಬೇಕಾದ ಒಂದು ಜಾಗವಿದೆ, ಅದೇ ದೃಷ್ಟಿ. ಇಂಥ ಜಾಗಗಳು ಒಟ್ಟು ಒಂಬತ್ತು: ಮೂಗಿನ ತುದಿ, ಹುಬ್ಬುಗಳ ನಡುವೆ, ಹೊಕ್ಕುಳು, ಹೆಬ್ಬೆರಳು, ಅಂಗೈ, ಕಾಲ್ಬೆರಳು, ಮೇಲಕ್ಕೆ, ಎಡಕ್ಕೆ, ಬಲಕ್ಕೆ. ಮೊದಲ ಸೂರ್ಯನಮಸ್ಕಾರದಲ್ಲಿ ‘ಏಕಂ’ ಎಂದು ಉಸಿರೆಳೆಯುತ್ತ ಕೈ ಎತ್ತಿದಾಗ ಕಣ್ಣು ಹೆಬ್ಬೆರಳಿನ ಮೇಲೆ. ‘ದ್ವೇ’ ಎಂದು ಉಸಿರು ಬಿಡುತ್ತ ಬಾಗಿದಾಗ ಮೂಗಿನ ತುದಿಯ ಮೇಲೆ. ಹೀಗೆ ‘ನವ’ದವರೆಗೆ ಎಣಿಕೆ. ಮೈ, ಉಸಿರು, ಕಣ್ಣು, ಲೆಕ್ಕ ನಾಲ್ಕೂ ಜೊತೆಗೆ ಸಾಗಬೇಕು. ನಡುವೆ ವಿಡಿಯೋ ಗೇಮ್ ನೆನಪಾಯಿತೋ, ಲೆಕ್ಕ ತಪ್ಪಿತು! ತಪ್ಪಿದರೆ ಬೇಸರ ಬೇಡ. ಅಲೆದಾಡುವ ಮನಸ್ಸನ್ನು ಮತ್ತೆ ಉಸಿರಿಗೆ ಕರೆತನ್ನಿ. ಸುಮ್ಮನೆ ಕುಳಿತು ಮಾಡುವ ಧ್ಯಾನದಲ್ಲೂ ಅಭ್ಯಾಸ ಇಷ್ಟೇ.

ಹಾಗಂತ ಓದದೇ ಬಿಟ್ಟ ಪಾಠವನ್ನು ಯೋಗ ನೆನಪಿಗೆ ತಂದುಕೊಡುವುದಿಲ್ಲ. ಆದರೆ ಗಮನವಿಟ್ಟು ಓದಿದ್ದು ಮಾತ್ರ ನೆನಪಿನಲ್ಲಿ ನಿಲ್ಲುತ್ತದೆ. ಆ ಗಮನಕ್ಕೆ ಇದು ಒಳ್ಳೆಯ ತಾಲೀಮು. ಹೋಂವರ್ಕಿಗೆ ಕೂರುವ ಮುನ್ನ, ಹೊಟ್ಟೆ ಖಾಲಿಯಿರುವಾಗ, ಬಲ್ಲವರಿಂದ ಕಲಿತು ಮೂರು ಸುತ್ತು ಸೂರ್ಯನಮಸ್ಕಾರ ಮಾಡಿ. ಆಮೇಲೆ ಎರಡು ನಿಮಿಷ ಕಣ್ಣು ಮುಚ್ಚಿ, ಉಸಿರು ಎಣಿಸುತ್ತ ಕುಳಿತುಕೊಳ್ಳಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು: ಮಗು ಮುಂದಿನ ಹೆಜ್ಜೆ ಮರೆತು ನಿಂತರೆ ತಕ್ಷಣ ಹೇಳಿಕೊಡಬೇಡಿ, ಸ್ವಲ್ಪ ಕಾಯಿರಿ. ತಾನಾಗಿ ನೆನಪಿಸಿಕೊಳ್ಳುವುದೂ ಈ ಕಲಿಕೆಯ ಭಾಗವೇ.